ಟಿಕೆಟ್ ಇಲ್ಲದ ಬಾಗಿಲು: ಲಂಡನ್ ಮ್ಯೂಸಿಯಂಗಳ ಒಂದು ಲೆಕ್ಕ



ನಾನು ಚಾರ್ಟರ್ಡ್ ಅಕೌಂಟೆಂಟ್. ಹಾಗಾಗಿ ಪೆನ್ಷನ್ನು, ಐಸಾ, ಊರಿನ ಮನೆಯ ಬಾಡಿಗೆಗೆ ಇಲ್ಲಿ ತೆರಿಗೆ ಕಟ್ಟಬೇಕೋ ಬೇಡವೋ, ಇಂಥವನ್ನು ಕೇಳಬಹುದು ಅಂತ ಕೆಲವರು ನೋಟ್ ಪುಸ್ತಕ ತೆರೆದು ಕೂತಿದ್ದೀರಿ. ಅದನ್ನೆಲ್ಲ ಊಟದ ಹೊತ್ತಿನಲ್ಲಿ ಮಾತಾಡೋಣ. ಇವತ್ತು ನಾನು ಮಾತಾಡಲು ಒಪ್ಪಿಕೊಂಡಿರುವುದು ಲಂಡನ್ನಿನ ಉಚಿತ ಮ್ಯೂಸಿಯಂಗಳ ಬಗ್ಗೆ. ಇದೂ ದುಡ್ಡಿನ ವಿಷಯವೇ, ಗಾಬರಿ ಬೇಡ.

ಹೊಸದಾಗಿ ಬಂದ ಸಂಸಾರಗಳ ಮನೆಗೆ ಹೋದಾಗ ನಾನು ಕೇಳುವ ಒಂದು ಪ್ರಶ್ನೆ ಇದೆ. ಶನಿವಾರ ಎಲ್ಲಿಗೆ ಹೋಗ್ತೀರಿ? ಉತ್ತರ ಸಾಮಾನ್ಯವಾಗಿ ಒಂದೇ. ಇಂಡಿಯನ್ ಸ್ಟೋರಿಗೆ, ಆಮೇಲೆ ಮಾಲಿಗೆ, ಆಮೇಲೆ ಮನೆಗೆ. ಮೊದಲ ವರ್ಷ ಎಲ್ಲರ ಲೆಕ್ಕವೂ ಬಿಗಿ. ವೀಸಾ ಶುಲ್ಕ, ಅದರ ಜೊತೆ ಆರೋಗ್ಯ ಸರ್‌ಚಾರ್ಜು: 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮೂರು ವರ್ಷದ ವೀಸಾ ಅಂದರೆ ಇದೊಂದೇ 10,866 ಪೌಂಡ್ ಆಗುತ್ತದೆ. ಕಂಪನಿ ಕಟ್ಟಿದರೆ ಪುಣ್ಯ, ಕಟ್ಟದಿದ್ದರೆ ಊರಿನ ಎಫ್‌ಡಿ ಮುರಿಯಬೇಕು. ಇಷ್ಟಾದ ಮೇಲೆ ಮೇಣದ ಗೊಂಬೆ ನೋಡುವುದಕ್ಕೆ, ದೊಡ್ಡ ಚಕ್ರದಲ್ಲಿ ಸುತ್ತುವುದಕ್ಕೆ ನಾಲ್ಕು ಜನಕ್ಕೆ ನೂರು ಪೌಂಡ್ ಆಸುಪಾಸು ಕೊಡಲು ಯಾರಿಗೆ ಮನಸ್ಸು ಬರುತ್ತದೆ? ನನಗಂತೂ ಇಷ್ಟು ವರ್ಷವಾದರೂ ಬಂದಿಲ್ಲ.

ಅದೇ ಊರಿನಲ್ಲಿ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಎರಡು ಟೇಟ್‌ಗಳು, ಸೌತ್ ಕೆನ್ಸಿಂಗ್ಟನ್ನಿನಲ್ಲಿ ಒಂದರ ಪಕ್ಕ ಒಂದು ಇರುವ ಮೂರು ದೊಡ್ಡ ಮನೆಗಳು (ನ್ಯಾಚುರಲ್ ಹಿಸ್ಟರಿ, ಸೈನ್ಸ್, ವಿ ಅಂಡ್ ಎ), ಲ್ಯಾಂಬೆತ್‌ನ ಇಂಪೀರಿಯಲ್ ವಾರ್ ಮ್ಯೂಸಿಯಂ, ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್, ಫಾರೆಸ್ಟ್ ಹಿಲ್ಲಿನಲ್ಲಿ ಚಹಾ ವ್ಯಾಪಾರಿ ಹಾರ್ನಿಮನ್ ಕಟ್ಟಿಸಿದ್ದು, ಬೆತ್ನಲ್ ಗ್ರೀನಿನಲ್ಲಿ ಮಕ್ಕಳಿಗಾಗಿಯೇ 2023ರಲ್ಲಿ ಹೊಸದಾಗಿ ತೆರೆದ ಯಂಗ್ ವಿ ಅಂಡ್ ಎ, ಎಲ್ಲಕ್ಕೂ ಬಾಗಿಲಲ್ಲಿ ಟಿಕೆಟ್ ಇಲ್ಲ. ವಿಶೇಷ ಪ್ರದರ್ಶನಗಳಿಗೆ ಮಾತ್ರ ದುಡ್ಡು. ಅವನ್ನು ನೋಡದಿದ್ದರೆ ಏನೂ ನಷ್ಟವಿಲ್ಲ, ಕಾಯಂ ಸಂಗ್ರಹವನ್ನೇ ನೋಡಿ ಮುಗಿಸಲು ಒಂದು ಜನ್ಮ ಸಾಲದು.

ಹಾಗಿದ್ದರೂ ನಮ್ಮವರು ಯಾಕೆ ಹೋಗುವುದಿಲ್ಲ? ದೂರ, ಚಳಿ, ಸುಸ್ತು ಇವೆಲ್ಲ ಇದ್ದೇ ಇವೆ. ಆದರೆ ಇನ್ನೊಂದು ಕಾರಣ ನನಗೆ ತಿಳಿದದ್ದು ಒಂದು ಟ್ಯಾಕ್ಸ್ ರಿಟರ್ನ್ ಮಾಡಿಕೊಡುವಾಗ. ಹಾಸನ ಕಡೆಯ ಒಬ್ಬ ಹೆಣ್ಣುಮಗಳು, ಇಲ್ಲಿ ಆಸ್ಪತ್ರೆಯಲ್ಲಿ ನರ್ಸು. ಮಗನಿಗೆ ಎಂಟು ವರ್ಷ, ಡೈನೋಸಾರ್ ಹುಚ್ಚು. ನ್ಯಾಚುರಲ್ ಹಿಸ್ಟರಿಗೆ ಕರೆದುಕೊಂಡು ಹೋಗಮ್ಮ ಅಂದೆ. ಆಕೆ ದನಿ ತಗ್ಗಿಸಿ, "ಅಣ್ಣಾ, ಫ್ರೀ ಅಂದ್ರೆ ಸರ್ಕಾರದ ದುಡ್ಡು ತಾನೇ? ನಮ್ಮ ವೀಸಾದಲ್ಲಿ ಪಬ್ಲಿಕ್ ಫಂಡ್ಸ್ ಮುಟ್ಟಬಾರದು ಅಂತ ಬರೆದಿದೆ. ನಾಳೆ ಐಎಲ್ಆರ್‌ಗೆ ಹಾಕಿದಾಗ ತೊಂದರೆ ಆದ್ರೆ?" ಅಂದಳು. ಲೈಬ್ರರಿ ಕಾರ್ಡನ್ನೂ ಅದೇ ಭಯಕ್ಕೆ ಮಾಡಿಸಿರಲಿಲ್ಲ.

ಇದನ್ನು ಕೇಳಿ ನಗಬೇಡಿ. ನಿಯಮ ಪಾಲಿಸುವವರಿಗೆ ಮಾತ್ರ ಬರುವ ಭಯ ಇದು. ವಲಸೆಯ ಬಗ್ಗೆ ವೈಯಕ್ತಿಕ ಸಲಹೆ ಕೊಡಲು ಈ ದೇಶದಲ್ಲಿ ಬೇರೆ ಅನುಮತಿ ಬೇಕು, ನನಗಿಲ್ಲ. ಆದರೆ ಸರ್ಕಾರವೇ ಪ್ರಕಟಿಸಿರುವ ಪಟ್ಟಿಯನ್ನು ಓದಿ ಹೇಳಬಲ್ಲೆ. ವಲಸೆ ನಿಯಮದಲ್ಲಿ 'ಪಬ್ಲಿಕ್ ಫಂಡ್ಸ್' ಅನ್ನುವ ಮಾತಿಗೆ ನಿರ್ದಿಷ್ಟ ಅರ್ಥವಿದೆ. ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್, ಹೌಸಿಂಗ್ ಬೆನಿಫಿಟ್, ಪೆನ್ಷನ್ ಕ್ರೆಡಿಟ್, ಕೌನ್ಸಿಲ್ ಮನೆ, ಹೀಗೆ ಹೆಸರು ಹೇಳಿ ಪಟ್ಟಿ ಮಾಡಿದ್ದಾರೆ. ಆ ಪಟ್ಟಿಯಲ್ಲಿ ಸರ್ಕಾರಿ ಶಾಲೆ ಇಲ್ಲ, ಎನ್‌ಎಚ್‌ಎಸ್ ಇಲ್ಲ, ಲೈಬ್ರರಿ ಇಲ್ಲ, ಮ್ಯೂಸಿಯಂ ಇಲ್ಲ. ತಿಮಿಂಗಿಲದ ಅಸ್ಥಿಪಂಜರ ನೋಡಿದ್ದಕ್ಕೆ ಯಾರ ವೀಸಾವೂ ಹೋಗುವುದಿಲ್ಲ.

ಇದಕ್ಕೆ ಅಂಟಿಕೊಂಡಿರುವ ಇನ್ನೊಂದು ಮುಜುಗರ ದೇಣಿಗೆ ಪೆಟ್ಟಿಗೆಯದು. ಬಾಗಿಲ ಹತ್ತಿರವೇ ಒಂದು ಯಂತ್ರ, ಅದರ ಮೇಲೆ 5 ಪೌಂಡ್, 10 ಪೌಂಡ್ ಅಂತ ಬೆಳಗುತ್ತಿರುತ್ತದೆ, ಪಕ್ಕದಲ್ಲಿ ನಗುಮುಖದ ಒಬ್ಬರು ನಿಂತಿರುತ್ತಾರೆ. ಆನ್‌ಲೈನಿನಲ್ಲಿ ಉಚಿತ ಟಿಕೆಟ್ ಕಾದಿರಿಸುವಾಗಲೂ ಅದೇ ಪ್ರಶ್ನೆ ಬರುತ್ತದೆ. ನಮ್ಮವರು ಅದನ್ನು ಟಿಕೆಟ್ಟು ಅಂದುಕೊಂಡು ಕಾರ್ಡ್ ಒತ್ತುತ್ತಾರೆ, ಇಲ್ಲವೇ ನಾಚಿಕೊಂಡು ವಾಪಸ್ ಬರುತ್ತಾರೆ. ಎರಡೂ ಬೇಡ. ಅದು ಕಾಣಿಕೆ ಹುಂಡಿ. ಊರಿನ ದೇವಸ್ಥಾನದಲ್ಲಿ ಹುಂಡಿಗೆ ಹಾಕದಿದ್ದರೆ ಯಾರಾದರೂ ದರ್ಶನ ನಿಲ್ಲಿಸುತ್ತಾರೆಯೇ? ಕೈಯಲ್ಲಿ ಇದ್ದಾಗ ಹಾಕಿ. ಹಾಕುವಾಗ ಗಿಫ್ಟ್ ಏಡ್ ಚೀಟಿ ತುಂಬಿ, ಅಷ್ಟು ಆದಾಯ ತೆರಿಗೆ ನೀವು ಇಲ್ಲಿ ಕಟ್ಟುತ್ತಿದ್ದರೆ. ನಿಮ್ಮ 10 ಪೌಂಡಿಗೆ ಮ್ಯೂಸಿಯಂಗೆ ಸರ್ಕಾರದಿಂದ ಇನ್ನೂ ಎರಡೂವರೆ ಪೌಂಡ್ ಸಿಗುತ್ತದೆ. ನೀವು 40% ದರದವರಾದರೆ ನಿಮ್ಮ ರಿಟರ್ನಿನಲ್ಲಿ ಎರಡೂವರೆ ಪೌಂಡ್ ನಿಮಗೂ ವಾಪಸ್. ನೋಟ್ ಪುಸ್ತಕ ತೆರೆದವರಿಗೆ ಇಷ್ಟಾದರೂ ಸಿಕ್ಕಿತು.

ಈಗ ಈ ಬಾಗಿಲು ಹೇಗೆ ತೆರೆದುಕೊಂಡಿತು ಅನ್ನುವುದಕ್ಕೆ ಬರುತ್ತೇನೆ. ನನ್ನ ವೃತ್ತಿಯವರಿಗೆ ಇದಕ್ಕಿಂತ ರುಚಿಯಾದ ಕಥೆ ಇಲ್ಲ.

ಬ್ರಿಟಿಷ್ ಮ್ಯೂಸಿಯಂ ಹುಟ್ಟಿದ್ದು 1753ರ ಒಂದು ಕಾಯ್ದೆಯಿಂದ. ಹ್ಯಾನ್ಸ್ ಸ್ಲೋನ್ ಎಂಬ ವೈದ್ಯರು ಬಿಟ್ಟುಹೋದ ಸಂಗ್ರಹಕ್ಕೆ ಅವರ ಮಕ್ಕಳಿಗೆ 20,000 ಪೌಂಡ್ ಕೊಡಬೇಕಿತ್ತು. ಸರ್ಕಾರ ಲಾಟರಿ ನಡೆಸಿ ದುಡ್ಡು ಎತ್ತಿತು. 1759ರ ಜನವರಿಯಲ್ಲಿ ಬಾಗಿಲು ತೆರೆದಾಗಿನಿಂದಲೇ ಪ್ರವೇಶ ಉಚಿತ. ಆದರೆ ಇಲ್ಲಿ ಉಚಿತ ಅನ್ನುವುದು ಯಾವಾಗಲೂ ಗಟ್ಟಿಯಾಗಿ ನಿಂತದ್ದಲ್ಲ. 1974ರ ಮೊದಲ ಮೂರು ತಿಂಗಳು ಸರ್ಕಾರವೇ ಎಲ್ಲ ರಾಷ್ಟ್ರೀಯ ಮ್ಯೂಸಿಯಂಗಳಲ್ಲಿ ಟಿಕೆಟ್ ಹಾಕಿತ್ತು, ಹೊಸ ಸರ್ಕಾರ ಬಂದು ತೆಗೆಯಿತು. ಎಂಬತ್ತರ ದಶಕದಲ್ಲಿ ಅನುದಾನ ಬಿಗಿಯಾದಾಗ 1987ರಲ್ಲಿ ನ್ಯಾಚುರಲ್ ಹಿಸ್ಟರಿ, ಅದರ ಹಿಂದೆಯೇ ಸೈನ್ಸ್ ಮ್ಯೂಸಿಯಂ ಟಿಕೆಟ್ ಶುರುಮಾಡಿದವು. ವಿ ಅಂಡ್ ಎ ಮೊದಲು ದೇಣಿಗೆ ಕೇಳಿ, 1996ರಲ್ಲಿ ಕಡ್ಡಾಯ ಟಿಕೆಟ್ ಮಾಡಿತು. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ ಮತ್ತು ಟೇಟ್ ಜಗ್ಗಲಿಲ್ಲ.

ಜಗ್ಗದವರಿಗೆ ಕಾದಿದ್ದ ಶಿಕ್ಷೆ ನೋಡಿ. ಒಂದು ಮ್ಯೂಸಿಯಂ ಮಾಡು ಸೋರುತ್ತಿದೆ, ರಿಪೇರಿಗೆ ಒಂದು ಲಕ್ಷ ಪೌಂಡ್. ಈಗಿನ 20% ದರದಲ್ಲಿ ವ್ಯಾಟ್ 20,000. ಟಿಕೆಟ್ ಮಾರುವ ಮ್ಯೂಸಿಯಂ ಕಾನೂನಿನ ಕಣ್ಣಿಗೆ ವ್ಯಾಪಾರ, ಆದ್ದರಿಂದ ಆ 20,000 ವಾಪಸ್ ಪಡೆಯಬಹುದು. ಉಚಿತವಾಗಿ ಬಿಡುವ ಮ್ಯೂಸಿಯಂ ವ್ಯಾಪಾರವಲ್ಲ, ಆದ್ದರಿಂದ ವಾಪಸ್ ಇಲ್ಲ! ಬಾಗಿಲು ತೆರೆದಿಟ್ಟ ತಪ್ಪಿಗೆ ದಂಡ. ಎಷ್ಟೇ ಉದಾರ ಮಂತ್ರಿ ಬಂದು 'ಉಚಿತ ಮಾಡಿ' ಅಂದರೂ ಮ್ಯೂಸಿಯಂನ ಲೆಕ್ಕಿಗರು ಈ ಗಂಟು ತೋರಿಸಿ ಕೈಯಾಡಿಸುತ್ತಿದ್ದರು.

ಗಂಟು ಬಿಚ್ಚಿದ್ದು 2001ರ ಹಣಕಾಸು ಕಾಯ್ದೆ. 1994ರ ವ್ಯಾಟ್ ಕಾಯ್ದೆಗೆ 33ಎ ಎಂಬ ಒಂದು ಚಿಕ್ಕ ಕಲಮು ಸೇರಿಸಿದರು. ಪಟ್ಟಿಯಲ್ಲಿರುವ ಮ್ಯೂಸಿಯಂ ಉಚಿತ ಪ್ರವೇಶ ಕೊಟ್ಟರೆ, ಆ ಕಾರಣಕ್ಕೆ ತಗಲುವ ವ್ಯಾಟನ್ನು ಸರ್ಕಾರ ಮರಳಿಸುತ್ತದೆ. ಅಷ್ಟೇ. ಅದಕ್ಕೂ ಮೊದಲು ಮಕ್ಕಳಿಗೆ, ಆಮೇಲೆ ಅರವತ್ತು ದಾಟಿದವರಿಗೆ ಟಿಕೆಟ್ ತೆಗೆದಿದ್ದರು. 2001ರ ಡಿಸೆಂಬರ್ 1ರಿಂದ ಎಲ್ಲರಿಗೂ ಹೋಯಿತು. ಮೊದಲು ಟಿಕೆಟ್ ಇದ್ದ ಆ ಮ್ಯೂಸಿಯಂಗಳಿಗೆ ವರ್ಷಕ್ಕೆ ಸುಮಾರು 70 ಲಕ್ಷ ಭೇಟಿಗಳಿದ್ದವು. ಹತ್ತು ವರ್ಷದಲ್ಲಿ ಅದು ಹತ್ತಿರ ಹತ್ತಿರ 1 ಕೋಟಿ 80 ಲಕ್ಷವಾಯಿತು. ಅಂದಿನ ಸಂಸ್ಕೃತಿ ಮಂತ್ರಿ ಕ್ರಿಸ್ ಸ್ಮಿತ್ ಅವರ ಹೆಸರನ್ನು ಇದಕ್ಕೆ ಹೇಳುತ್ತಾರೆ, ಹೇಳಲೇಬೇಕು. ಆದರೆ ಆ ಕಲಮು ಬರೆದ ಅನಾಮಧೇಯ ಗುಮಾಸ್ತರಿಗೆ ನನ್ನದೊಂದು ನಮಸ್ಕಾರ ಇರಲಿ.

ಇನ್ನು ಉಳಿದ ಖರ್ಚು? ಸಂಬಳ, ವಿದ್ಯುತ್, ಕಾವಲು. ಅಂಗಡಿ, ಕೆಫೆ, ದಾನಿಗಳು, ವಿಶೇಷ ಪ್ರದರ್ಶನದ ಟಿಕೆಟ್ಟು ಒಂದು ಪಾಲು ಕೊಡುತ್ತವೆ. ದೊಡ್ಡ ಪಾಲು ಸರ್ಕಾರದ ಅನುದಾನ. ನಿಮ್ಮ ಪೇ ಸ್ಲಿಪ್ಪಿನಲ್ಲಿ ಮೊದಲ ತಿಂಗಳಿನಿಂದಲೇ ಕಡಿತವಾಗುವ ತೆರಿಗೆ ಹೋಗುವುದು ಅದೇ ಬೊಕ್ಕಸಕ್ಕೆ. ನೀವು ಬಂದು ಮೂರು ತಿಂಗಳಾಗಿರಲಿ, ಮೂವತ್ತು ವರ್ಷವಾಗಿರಲಿ, ನಿಮ್ಮ ಪಾಲಿನ ಟಿಕೆಟ್ ಆಗಲೇ ಕಟ್ಟಿಯಾಗಿದೆ. ಆ ನರ್ಸ್ ತಂಗಿಗೆ ನಾನು ಪೇ ಸ್ಲಿಪ್ ತೋರಿಸಿ ಹೇಳಿದ್ದೂ ಇದನ್ನೇ. ಕಾನೂನಿನ ವ್ಯಾಖ್ಯೆಗಿಂತ ಪೇ ಸ್ಲಿಪ್ಪೇ ಆಕೆಗೆ ಧೈರ್ಯ ಕೊಟ್ಟಿತು ಅಂತ ನನಗನ್ನಿಸುತ್ತದೆ.

ಕನ್ನಡಿಗರಿಗೆ ಇನ್ನೂ ಹಳೆಯ ಒಂದು ಖಾತೆ ಈ ಊರಿನಲ್ಲಿದೆ. ವಿ ಅಂಡ್ ಎ ಮ್ಯೂಸಿಯಂನ ಟಿಪ್ಪುವಿನ ಹುಲಿ. ಹೋಗುವ ಮೊದಲು ಎಲ್ಲಿ ಇಟ್ಟಿದ್ದಾರೆ ಅಂತ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ, ಗ್ಯಾಲರಿಗಳನ್ನು ಆಗಾಗ ದುರಸ್ತಿಗೆ ಮುಚ್ಚುತ್ತಾರೆ. ಮರದ ಹುಲಿ, ಹತ್ತಿರ ಹತ್ತಿರ ಆರಡಿ ಉದ್ದ, ಬಣ್ಣ ಬಳಿದದ್ದು. ಕೆಳಗೆ ಅಂಗಾತ ಬಿದ್ದಿರುವ ಒಬ್ಬ ಐರೋಪ್ಯ. ಹುಲಿಯ ಹೊಟ್ಟೆಯೊಳಗೆ ಚಿಕ್ಕ ಆರ್ಗನ್ ವಾದ್ಯ, ಹದಿನೆಂಟು ಕೀಲಿಗಳು. ಹಿಡಿ ತಿರುಗಿಸಿದರೆ ಆ ಮನುಷ್ಯನ ಕೈ ಮೇಲೆ ಕೆಳಗೆ ಆಡುತ್ತದೆ, ಅವನು ನರಳುತ್ತಾನೆ, ಹುಲಿ ಗುರ್ ಅನ್ನುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಸಂಗೀತದ ಕೋಣೆಯಲ್ಲಿ ಸಿಕ್ಕಿದ್ದು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಲೆಡನ್‌ಹಾಲ್ ಸ್ಟ್ರೀಟ್ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಅಲ್ಲಿ ಓದಲು ಕೂತವರಿಗೆ ತಲೆ ಚಿಟ್ಟು ಹಿಡಿಯಿತಂತೆ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಮಾಡು ಕುಸಿದು ಹುಲಿ ನೂರಾರು ಚೂರಾಯಿತು. ಅವನ್ನೆಲ್ಲ ಹೆಕ್ಕಿ ಜೋಡಿಸಿದರು.

ಅದರ ಮುಂದೆ ನಿಂತು ಮಕ್ಕಳಿಗೆ ಏನು ಹೇಳುವುದು? ನನ್ನ ಮಗಳು ಕೇಳಿದ್ದು ನೇರವಾಗಿ: "ಅಪ್ಪಾ, ಇದನ್ನ ಕೊಂಡ್ಕೊಂಡ್ರಾ, ಕದ್ರಾ?" ಲೂಟಿ ಮಾಡಿದರು ಅಂದೆ. ಸೈನ್ಯ ಊರು ಗೆದ್ದ ಮೇಲೆ ಹಂಚಿಕೊಳ್ಳಲು ಒಂದು ಸಮಿತಿಯೇ ಇತ್ತು, ಲೆಕ್ಕ ಬರೆದು ಹಂಚಿಕೊಂಡರು ಅಂದೆ. ಲೆಕ್ಕ ಬರೆದ ಮಾತ್ರಕ್ಕೆ ಸರಿಯಾಗಿಬಿಡುತ್ತದಾ ಅಂತ ಕೇಳಿದಳು. ಒಬ್ಬ ಅಕೌಂಟೆಂಟನ ಮಗಳು ಹತ್ತು ವರ್ಷಕ್ಕೇ ಕೇಳುವ ಪ್ರಶ್ನೆಯೇ ಇದು? ಇಲ್ಲ ಅಂದೆ. ಹಾಗಾದರೆ ವಾಪಸ್ ಕೊಡಲಿ ಅಂದಳು. ಕೊಡಬೇಕೋ ಬೇಡವೋ ಅನ್ನುವುದರಲ್ಲಿ ನಮ್ಮ ಸಂಘದಲ್ಲೇ ಎರಡು ಪಕ್ಷ ಇವೆ, ಟಿಪ್ಪುವಿನ ಬಗ್ಗೆಯಂತೂ ಎಷ್ಟು ಪಕ್ಷ ಅಂತ ನಿಮಗೇ ಗೊತ್ತು, ಊಟಕ್ಕೆ ಮುಂಚೆ ನಾನು ಅದಕ್ಕೆ ಕೈ ಹಾಕುವುದಿಲ್ಲ. ನಾನು ಹೇಳುವುದು ಇಷ್ಟೇ. ಮೈಸೂರಿನ ಹೆಸರಿಲ್ಲದ ಬಡಗಿಗಳು ಕೆತ್ತಿದ ಒಂದು ವಸ್ತುವಿನ ಮುಂದೆ ನಿಂತು ಈ ಜಗಳವನ್ನು ಮಗುವಿನ ಜೊತೆ ಆಡಲು ಟಿಕೆಟ್ ಕೇಳಿದ್ದರೆ, ಅದು ನನಗೆ ನುಂಗಲಾಗದ ತುತ್ತಾಗುತ್ತಿತ್ತು.

ಅಪ್ಪ ಅಮ್ಮಂದಿರು ಊರಿನಿಂದ ಬಂದಾಗ ಏನು ಮಾಡುತ್ತೀರಿ? ಆರು ತಿಂಗಳ ವೀಸಾ, ನಾವೆಲ್ಲ ಕೆಲಸಕ್ಕೆ, ಅವರು ಕಿಟಕಿಯ ಪಕ್ಕ. ಹೊರಗೆ ಮಳೆ. ಸೀರಿಯಲ್ ಎಷ್ಟು ಅಂತ ನೋಡುತ್ತಾರೆ? ನಮ್ಮ ತಾಯಿಯನ್ನು ಬ್ರಿಟಿಷ್ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ದಕ್ಷಿಣ ಏಷ್ಯಾದ ಗ್ಯಾಲರಿಯಲ್ಲಿ ಚೋಳರ ಕಾಲದ ಕಂಚಿನ ನಟರಾಜ ಇದ್ದಾನೆ. ಅಮ್ಮ ಎರಡು ನಿಮಿಷ ನೋಡಿದರು, ಬೆಂಚಿನ ಮೇಲೆ ಕೂತು ಬೂಟಿನ ಝಿಪ್ ಎಳೆದು, ಕಾಲುಚೀಲದಲ್ಲಿ ಹೋಗಿ ಕೈಮುಗಿದು ನಿಂತರು. ಕಾವಲಿನವರು ನೋಡಿದರು, ಏನೂ ಹೇಳಲಿಲ್ಲ. ಆಮೇಲೆ ಅಮ್ಮ ನನ್ನ ಹತ್ತಿರ, "ಇವನಿಗೆ ಇಲ್ಲಿ ಯಾರೂ ಹೂವು ಏರಿಸಲ್ಲ ಅಲ್ವೇನೋ" ಅಂದರು. ಮುಂದಿನ ವಾರ ಮತ್ತೆ ಹೋಗೋಣ ಅಂತಲೂ ಅವರೇ ಹೇಳಿದರು. ಪ್ರತಿ ಸಲ ಟಿಕೆಟ್ ಕೊಳ್ಳಬೇಕಿದ್ದರೆ ನಮ್ಮ ತಾಯಿ ಬಾಯಿಬಿಟ್ಟು ಹಾಗೆ ಕೇಳುತ್ತಿರಲಿಲ್ಲ. ಆ ತಲೆಮಾರಿನವರ ಸ್ವಭಾವ ನಿಮಗೆ ಗೊತ್ತು.

ಆದ್ದರಿಂದಲೇ ಆಗಾಗ ಏಳುವ ಒಂದು ಸಲಹೆಯ ಬಗ್ಗೆ ನಾವು ಎಚ್ಚರವಾಗಿರಬೇಕು: ಇಲ್ಲಿಯವರಿಗೆ ಉಚಿತ ಇರಲಿ, ವಿದೇಶಿಯರಿಗೆ ಮಾತ್ರ ಟಿಕೆಟ್ ಹಾಕೋಣ. ಕೇಳಲು ನ್ಯಾಯವಾಗಿಯೇ ಇದೆ. ಮ್ಯೂಸಿಯಂಗಳಿಗೆ ದುಡ್ಡಿನ ಅಡಚಣೆ ನಿಜ. ನಾವು ಬಹಳ ದೊಡ್ಡ ದನಿಯಲ್ಲಿ ವಿರೋಧಿಸುವಂತೆಯೂ ಇಲ್ಲ, ಹಂಪಿಯ ವಿಠ್ಠಲ ದೇವಾಲಯದಲ್ಲಿ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600 ಅಂತ ನಮ್ಮ ಪುರಾತತ್ವ ಇಲಾಖೆಯೇ ಬೋರ್ಡ್ ಹಾಕಿದೆ. ನಿಮ್ಮಲ್ಲಿ ಕೆಲವರು ಅಲ್ಲಿ ಓಸಿಐ ಕಾರ್ಡ್ ಹಿಡಿದು ವಾದ ಮಾಡಿರುತ್ತೀರಿ.

ಆ ವಾದ ನೆನಪಿಸಿಕೊಳ್ಳಿ, ಆಗ ತೊಂದರೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಈ ದೇಶದಲ್ಲಿ ಎಲ್ಲರ ಕೈಯಲ್ಲೂ ಇರುವ ಗುರುತಿನ ಚೀಟಿ ಇಲ್ಲ. ಬಾಗಿಲಲ್ಲಿ ನಿಂತವರು ಯಾರು ಇಲ್ಲಿಯವರು ಅಂತ ಹೇಗೆ ನಿರ್ಧರಿಸುತ್ತಾರೆ? ಎಲ್ಲರನ್ನೂ ಕೇಳಿದರೆ ಸಾಲು ರಸ್ತೆಗೆ ಬರುತ್ತದೆ. ಕೆಲವರನ್ನು ಮಾತ್ರ ಕೇಳಿದರೆ, ಯಾರನ್ನು ಕೇಳುತ್ತಾರೆ ಅಂತ ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಕೌಂಟರ್, ಸಿಬ್ಬಂದಿ, ಸಾಫ್ಟ್‌ವೇರ್ ಖರ್ಚು ಕಳೆದು ಎಷ್ಟು ಉಳಿಯುತ್ತದೆ, ಕೆಫೆಯಲ್ಲಿ ಎಷ್ಟು ಕಡಿಮೆಯಾಗುತ್ತದೆ, 'ಉಚಿತ ಪ್ರವೇಶ' ಎಂಬ ಷರತ್ತಿನ ಮೇಲೆ ನಿಂತ ಆ 33ಎ ಕಲಮಿನ ಗತಿ ಏನು, ಇವನ್ನೆಲ್ಲ ಕೂಡಿ ಕಳೆದು ತೋರಿಸಿದ ಮೇಲೆ ಮಾತಾಡೋಣ. ಸರ್ಕಾರ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಸಂಘದ ಕಡೆಯಿಂದ ಒಂದು ಪತ್ರ ಹೋಗಲಿ. ಕರಡು ಬರೆದುಕೊಡುವ ಕೆಲಸ ನನ್ನದು. ಅದರಲ್ಲಿ ಅಜ್ಜಿ ಅಜ್ಜಂದಿರ ವಿಷಯ ಮೊದಲ ಪ್ಯಾರಾದಲ್ಲೇ ಬರಬೇಕು.

ಹೋಗುವುದು ಹೇಗೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಹನ್ನೊಂದರೊಳಗಿನ ನಾಲ್ಕು ಮಕ್ಕಳವರೆಗೆ ದೊಡ್ಡವರ ಜೊತೆ ಟ್ಯೂಬಿನಲ್ಲಿ ಉಚಿತ. ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಒಂದೇ ಚಾರ್ಜು. ಸೌತ್ ಕೆನ್ಸಿಂಗ್ಟನ್ ಸ್ಟೇಷನ್ನಿನಿಂದ ಮ್ಯೂಸಿಯಂಗಳವರೆಗೆ ನೆಲದಡಿ ಸುರಂಗ ಇದೆ, ಮಳೆಗೆ ಹೆದರಬೇಡಿ. ಸೈನ್ಸ್ ಮತ್ತು ನ್ಯಾಚುರಲ್ ಹಿಸ್ಟರಿಯಲ್ಲಿ ಮನೆಯಿಂದ ತಂದದ್ದನ್ನು ಕೂತು ತಿನ್ನಲು ಜಾಗ ಇದೆ, ಚಿತ್ರಾನ್ನದ ಡಬ್ಬಿ ಧೈರ್ಯವಾಗಿ ತೆರೆಯಿರಿ. ಶುಕ್ರವಾರ ಸಂಜೆ ಬ್ರಿಟಿಷ್ ಮ್ಯೂಸಿಯಂ ಎಂಟೂವರೆವರೆಗೆ, ನ್ಯಾಷನಲ್ ಗ್ಯಾಲರಿ ಒಂಬತ್ತರವರೆಗೆ, ವಿ ಅಂಡ್ ಎ ಹತ್ತರವರೆಗೆ ತೆರೆದಿರುತ್ತವೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪ್ರತಿಮೆಗೆ ಹೋಗುವ ದಿನ ಲ್ಯಾಂಬೆತ್ ಸೇತುವೆ ದಾಟಿದರೆ ಟೇಟ್ ಬ್ರಿಟನ್, ನಡೆದೇ ಹೋಗಬಹುದು.

ಎಲ್ಲವನ್ನೂ ನೋಡಬೇಕು ಅಂತ ಹೊರಡಬೇಡಿ. ಆಡಿಟಿನಲ್ಲಿ ನಾವು ಪ್ರತಿ ವೋಚರ್ ನೋಡುವುದಿಲ್ಲ, ಸ್ಯಾಂಪಲ್ ತೆಗೆಯುತ್ತೇವೆ. ಬ್ರಿಟಿಷ್ ಮ್ಯೂಸಿಯಂ ತನ್ನ ಸಂಗ್ರಹದಲ್ಲಿ ಹೊರಗಿಟ್ಟಿರುವುದೇ ಶೇಕಡಾ ಒಂದರಷ್ಟು. ಮೂರು ವಸ್ತು ಸಾಕು. ನ್ಯಾಷನಲ್ ಗ್ಯಾಲರಿಯಲ್ಲಿ ಹೋಲ್ಬೈನ್ 1533ರಲ್ಲಿ ಬರೆದ ಇಬ್ಬರು ರಾಯಭಾರಿಗಳ ಚಿತ್ರ ಇದೆ, ಕೆಳಗೆ ಏನೋ ಬಳಿದ ಹಾಗೆ ಒಂದು ಕಲೆ. ಬಲಗಡೆಗೆ ಹೋಗಿ ಓರೆಯಾಗಿ ನೋಡಿದರೆ ತಲೆಬುರುಡೆ! ಮಕ್ಕಳು ಹತ್ತು ಸಲ ಆಚೆ ಈಚೆ ಓಡುತ್ತಾರೆ. ಬ್ಯಾಂಕ್ ಆಫ್ ಇಂಗ್ಲೆಂಡ್ ಮ್ಯೂಸಿಯಂನಲ್ಲಿ, ಅದು ಸಾಮಾನ್ಯವಾಗಿ ವಾರದ ದಿನಗಳಲ್ಲಿ ತೆರೆದಿರುತ್ತದೆ, ಗಾಜಿನಂಥ ಪೆಟ್ಟಿಗೆಯೊಳಗೆ ಕೈ ಹಾಕಿ ನಿಜವಾದ ಚಿನ್ನದ ಗಟ್ಟಿ ಎತ್ತಿ ನೋಡಬಹುದು, ಸುಮಾರು 13 ಕಿಲೋ. ನಮ್ಮ ಮನೆಯವರು ಅಲ್ಲೇ ಲೆಕ್ಕ ಹಾಕಿ ಹೇಳಿದರು, ಸಾವಿರದ ನೂರು ತೊಲದ ಮೇಲೆ. ಕೈ ಹೊರಗೆ ತೆಗೆಯಲು ಸ್ವಲ್ಪ ಹೊತ್ತಾಯಿತು.

ಮತ್ತೆ, ಅಲ್ಲಿ ಕನ್ನಡದಲ್ಲೇ ಮಾತಾಡಿ. ಮಗು ಇಂಗ್ಲಿಷ್ ಚೀಟಿ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳಲಿ. 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಕೆಳಗೆ ನಿಂತಾಗ ಪಕ್ಕೆಲುಬು, ಬೆನ್ನುಮೂಳೆ, ದವಡೆ ಅನ್ನುವ ಮಾತುಗಳು ತಾವಾಗಿಯೇ ಬೇಕಾಗುತ್ತವೆ. ಭಾನುವಾರದ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ನಾವು ಇವನ್ನು ಎಷ್ಟು ಸಲ ಹೇಳಿಕೊಟ್ಟಿಲ್ಲ? ಶಿಕ್ಷಕಿಯರ ಜೊತೆ ಮಾತಾಡಿದ್ದೇನೆ. ಮುಂದಿನ ಹಾಫ್ ಟರ್ಮಿನ ಶನಿವಾರ ತರಗತಿ ನ್ಯಾಚುರಲ್ ಹಿಸ್ಟರಿಯಲ್ಲಿ. ಬೆಳಿಗ್ಗೆ ಹತ್ತಕ್ಕೆ ಸೌತ್ ಕೆನ್ಸಿಂಗ್ಟನ್ ಸ್ಟೇಷನ್ನಿನ ಗೇಟಿನ ಹತ್ತಿರ ಸೇರೋಣ. ಅಜ್ಜಿ ಅಜ್ಜಂದಿರೂ ಬರಲಿ. ಹೆಸರು ಬರೆಸುವ ಹಾಳೆ ಕಾಫಿ ಮೇಜಿನ ಮೇಲಿದೆ, ಉಚಿತ ಟಿಕೆಟ್ ಎಲ್ಲರಿಗೂ ಒಟ್ಟಿಗೆ ನಾನೇ ಕಾದಿರಿಸುತ್ತೇನೆ. ಚಿತ್ರಾನ್ನ ಯಾರು ತರುತ್ತೀರಿ ಅನ್ನುವ ಕಾಲಂ ಇನ್ನೂ ಖಾಲಿ ಇದೆ.